ಫುಸ್ತಾತಿನ ಸಭಾಮಂದಿರವೂ ಮಂಗಳೂರಿನ ಬೊಮ್ಮನೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಅಟ್ಟವಿಲ್ಲದ ಮನೆಯನ್ನು ಮನೆಯೆಂದು ಎಣಿಸುವ ವಾಡಿಕೆಯಿಲ್ಲ. ಕೆಂಕೆರೆಯಂತಹ ಊರಿನಲ್ಲಿ, ಚೆನ್ನಾಗಿ ಬಲಿತ ಕಾಯಿಯನ್ನು ಅಟ್ಟಕ್ಕೆ ಏರಿಸಿ, ಹತ್ತು ಹನ್ನೊಂದು ತಿಂಗಳ ಕಾಲ ಕೈಯಿಡದೆ ಬಿಟ್ಟುಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಡಿಸಿಕೊಂಡು, ಅಲ್ಲಾಡಿಸಿದಾಗ ಗುಡುಗುಡು ಎಂದು ಸದ್ದು ಮಾಡಿದರೆ ಉಂಡೆ ಕೊಬ್ಬರಿ ಸಿದ್ಧವಾಯಿತೆಂದು ಲೆಕ್ಕ. ಇದರಲ್ಲಿ ಮನುಷ್ಯನ ಕೆಲಸ ಬಹು ಸ್ವಲ್ಪ. ಒಣ ಗಾಳಿಯ ಮತ್ತು ಕಾಲದ ಕೆಲಸವೇ ಹೆಚ್ಚು. ಅದೇ ಅಟ್ಟದ ಮೂಲೆಯಲ್ಲಿ, ಹಳೆಯ ಮನೆಗಳಾದರೆ, ಮತ್ತೊಂದು ಗಂಟೂ ಇರುವುದುಂಟು: ಮಸಿ ಬಳಿದ ಕಡತ, ಅಂಚು ಮುರಿದ ಓಲೆಗರಿ, ಶಾನುಭೋಗಿಕೆಯ ಲೆಕ್ಕ, ಯಾರದೋ ಜಾತಕ, ತೀರಿಹೋದ ಸಾಲದ ಪತ್ರ. ಕಾಯಿಗೆ ಒಡೆಯನಿದ್ದಾನೆ, ಪೇಟೆಯಲ್ಲಿ ಬೆಲೆಯಿದೆ. ಗಂಟಿಗೆ ಎರಡೂ ಇಲ್ಲ. ಅಟ್ಟವನ್ನು ಚೊಕ್ಕಟ ಮಾಡುವ ದಿನ ಅದು ಬಚ್ಚಲಿನ ಹಂಡೆಯ ಒಲೆಗೆ ಹೋಗುತ್ತದೆ.

ಇಂತಹ ಗಂಟೊಂದು ಏಳುನೂರು ವರ್ಷಗಳಿಗೂ ಹೆಚ್ಚು ಕಾಲ ಒಂದು ಅಟ್ಟದಲ್ಲಿ ಉಳಿದುದರಿಂದ, ಹನ್ನೆರಡನೆಯ ಶತಮಾನದ ಮಂಗಳೂರಿನ ಬಾಳಿನ ಹದಿನೇಳು ವರ್ಷಗಳು ಇಂದು ಲೋಕಕ್ಕೆ ಗೊತ್ತಾಗಿವೆ. ಆ ಅಟ್ಟವಿರುವುದು ಮಂಗಳೂರಿನಲ್ಲಿಯೂ ಅಲ್ಲ, ಕನ್ನಡನಾಡಿನ ಬೇರೆ ಯಾವ ಊರಿನಲ್ಲಿಯೂ ಅಲ್ಲ. ಐಗುಪ್ತ ದೇಶದ ಕೈರೋ ನಗರದ ಹಳೆಯ ಭಾಗವಾದ ಫುಸ್ತಾತಿನಲ್ಲಿ, ಯೆಹೂದ್ಯರ ಒಂದು ಸಭಾಮಂದಿರದಲ್ಲಿ. ಆಂಗ್ಲರು ಸಿನಗಾಗ್ ಎಂದು ಕರೆಯುವ ಇಂತಹ ಮಂದಿರಗಳು ಭಾರತದಲ್ಲಿಯೂ ಉಂಟು. 1568ರಲ್ಲಿ ಕಟ್ಟಿದ ಕೊಚ್ಚಿಯ ಪರದೇಶಿ ಮಂದಿರವು ಪ್ರಸಿದ್ಧವಾದುದು. ಆದರೆ ಕನ್ನಡಿಗರ ಚರಿತ್ರೆಯೊಡನೆ ನೇರವಾದ ಸಂಬಂಧವುಳ್ಳ ಮಂದಿರವೆಂದರೆ ಫುಸ್ತಾತಿನ ಬೆನ್ ಎಜ್ರಾ ಮಂದಿರವೇ ಸರಿ.

ಈ ಮಂದಿರವು ನೈಲ್ ನದಿಗೆ ಅನತಿದೂರದಲ್ಲಿ, ರೋಮಕರು ಕಟ್ಟಿದ ಬಾಬಿಲೋನ್ ಎಂಬ ಕೋಟೆಯ ಗೋಡೆಗಳೊಳಗೆ, ಕಾಪ್ಟ್ ಕ್ರೈಸ್ತರ ಪುರಾತನ ದೇವಾಲಯಗಳ ಮಗ್ಗುಲಲ್ಲಿ ಇದೆ. ಮಧ್ಯಯುಗದಲ್ಲಿ ಅದಕ್ಕೆ ಎಜ್ರನ ಹೆಸರಿರಲಿಲ್ಲ. ಫುಸ್ತಾತಿನ ಯೆಹೂದ್ಯರಲ್ಲಿ ಪ್ಯಾಲೆಸ್ಟೈನಿನ ಸಂಪ್ರದಾಯದವರೆಂದೂ ಬಾಬಿಲೋನಿಯದ ಸಂಪ್ರದಾಯದವರೆಂದೂ ಎರಡು ಪಂಗಡಗಳಿದ್ದು, ಪ್ರತಿಯೊಂದಕ್ಕೂ ಪ್ರತ್ಯೇಕ ಮಂದಿರವಿತ್ತು. ಇದು ಪ್ಯಾಲೆಸ್ಟೈನಿನವರ ಮಂದಿರ. ಅರಬ್ಬೀ ಮಾತಿನಲ್ಲಿ ಶಾಮಿಯರ ಮಂದಿರ.

ಸ್ಥಳಪುರಾಣವಿಲ್ಲದ ದೇವಸ್ಥಾನ ನಮ್ಮಲ್ಲಿ ಹೇಗೆ ಅಪೂರ್ವವೋ ಅಲ್ಲಿಯೂ ಹಾಗೆಯೇ. ಫರೋಹನ ಮಗಳು ಮೋಶೆಯೆಂಬ ಶಿಶುವನ್ನು ಆಪಿನ ಪೆಟ್ಟಿಗೆಯಿಂದ ಎತ್ತಿಕೊಂಡದ್ದು ಇಲ್ಲಿಯೇ ಎಂದು ಮಂದಿರದ ಹಿಂದಿನ ಬಾವಿಯನ್ನು ತೋರಿಸುತ್ತಾರೆ. ಅದೇ ಮೋಶೆಯು ದೊಡ್ಡವನಾಗಿ, ಐಗುಪ್ತಕ್ಕೆ ಬಂದ ಉತ್ಪಾತಗಳು ನಿಲ್ಲಲೆಂದು ಪಟ್ಟಣದ ಹೊರಗೆ ಬಂದು ಕೈಯೆತ್ತಿ ಪ್ರಾರ್ಥಿಸಿದ್ದೂ ಇಲ್ಲಿಯೇ ಎಂದು ಒಳಗೊಂದು ತಾಣವನ್ನು ತೋರಿಸುತ್ತಾರೆ. ಯೆರೆಮೀಯ ಪ್ರವಾದಿಯು ದೇಶಭ್ರಷ್ಟರಾಗಿ ಬಂದ ತನ್ನ ಜನರನ್ನು ಇಲ್ಲಿ ಕೂಡಿಸಿದನೆಂದು ಮತ್ತೊಂದು ಐತಿಹ್ಯ. ಎಜ್ರನೆಂಬ ಶಾಸ್ತ್ರಿಯು ಸ್ವಹಸ್ತದಿಂದ ಬರೆದ ಧರ್ಮಗ್ರಂಥದ ಸುರುಳಿಯೊಂದು ಇಲ್ಲಿದ್ದಿತೆಂಬುದೇ ಈಗಿನ ಹೆಸರಿಗೆ ಕಾರಣವೆಂದು ಕೆಲವರು ಹೇಳುವರು. ಅವನಲ್ಲ, ಹನ್ನೆರಡನೆಯ ಶತಮಾನದ ಅಬ್ರಹಾಂ ಇಬ್ನ್ ಎಜ್ರಾ ಎಂಬ ವಿದ್ವಾಂಸನೇ ಕಾರಣವೆಂದು ಬೇರೆ ಕೆಲವರು.

ಈ ಐತಿಹ್ಯಗಳಲ್ಲಿ ಮೋಶೆಯ ಕಥೆಗೆ ಒಂದು ವಿಶೇಷವುಂಟು. ಮಧ್ಯಯುಗದ ಯೆಹೂದ್ಯರು ಮೋಶೆಯ ಹೆಸರಿನಲ್ಲಿ ಯಾತ್ರೆ ಹೋಗುತ್ತಿದ್ದುದು ಈ ಮಂದಿರಕ್ಕಲ್ಲ, ನದಿಯ ಆಚೆ ದಡದ ದಮ್ಮೂಹ್ ಎಂಬಲ್ಲಿದ್ದ ಬೇರೊಂದು ಮಂದಿರಕ್ಕೆ. ಆ ಕ್ಷೇತ್ರವು ಹಾಳಾದ ಮೇಲೆ ಅದರ ಮಹಾತ್ಮ್ಯೆಯು ಈ ದಡಕ್ಕೆ ದಾಟಿಬಂದಿತೆಂದು ಸಂಶೋಧಕರು ಭಾವಿಸುತ್ತಾರೆ. ಕಟ್ಟಡವು ಬಿದ್ದರೂ ಕಥೆ ಬೀಳುವುದಿಲ್ಲ. ಪಕ್ಕದ ಗೋಡೆಯನ್ನು ಆಶ್ರಯಿಸುತ್ತದೆ. ಇದು ನಮ್ಮ ದೇಶದವರಿಗೆ ಹೊಸ ಸಂಗತಿಯೇನೂ ಅಲ್ಲ.

ಚರಿತ್ರೆಯ ದಾರಿ ಇಷ್ಟು ಸುಗಮವಲ್ಲ. ಕ್ರಿ. ಶ. 882ರಲ್ಲಿ ಅಹಮದ್ ಇಬ್ನ್ ತುಲೂನನು ಹೊರಿಸಿದ ದಂಡವನ್ನು ತೆರಲಾರದೆ ಕಾಪ್ಟ್ ಕ್ರೈಸ್ತರ ಗುರುವು ಒಂದು ದೇವಾಲಯವನ್ನು ಯೆಹೂದ್ಯರಿಗೆ ವಿಕ್ರಯಿಸಿದನೆಂದೂ ಅದೇ ಈ ಮಂದಿರವಾಯಿತೆಂದೂ ಬಹುಕಾಲ ನಂಬಿಕೆಯಿತ್ತು. ಮಾರಾಟವಾದುದು ಬೇರೆಯದಾಗಿರಬೇಕೆಂದು ಅನೇಕ ವಿದ್ವಾಂಸರು ಶಂಕಿಸಿದ್ದಾರೆ. ಮುಂದಿನ ಸಂಗತಿಯಲ್ಲಿ ವಿವಾದವಿಲ್ಲ. ಹಾಕಿಂ ಎಂಬ ಫಾತಿಮೀ ಖಲೀಫನು ಕ್ರೈಸ್ತರ ಮತ್ತು ಯೆಹೂದ್ಯರ ಪೂಜಾಸ್ಥಾನಗಳನ್ನು ಕೆಡವಿಸಿದ ಕಾಲದಲ್ಲಿ, ಎಂದರೆ 1012ರ ಸುಮಾರಿಗೆ, ಇದೂ ನೆಲಸಮವಾಯಿತು. ಅವನ ಮಗನ ಕಾಲದಲ್ಲಿ ಅಪ್ಪಣೆ ದೊರೆತು, 1025ರಿಂದ 1040ರ ನಡುವೆ ಪುನಃ ಕಟ್ಟಲ್ಪಟ್ಟಿತು. 1168ರಲ್ಲಿ ವೈರಿಗಳ ಕೈಗೆ ಸಿಕ್ಕಬಾರದೆಂದು ಮಂತ್ರಿಯಾದ ಶಾವರನು ಫುಸ್ತಾತಿಗೆ ಬೆಂಕಿಯಿಡಿಸಿದನು. ಊರು ಉರಿಯಿತು, ಮಂದಿರ ಉಳಿಯಿತು. ಅದೇ ಸಮಯಕ್ಕೆ ಫುಸ್ತಾತಿಗೆ ಬಂದು ನೆಲಸಿ, ವೈದ್ಯನಾಗಿಯೂ ಧರ್ಮಶಾಸ್ತ್ರಜ್ಞನಾಗಿಯೂ ತತ್ತ್ವವೇತ್ತನಾಗಿಯೂ ಲೋಕವಿಖ್ಯಾತನಾಗಿ 1204ರಲ್ಲಿ ತೀರಿಕೊಂಡವನು ಮೈಮೋನಿಡೀಸ್. ಅವನಿಗೆ ದಾವೀದನೆಂಬ ತಮ್ಮನಿದ್ದನು. ರತ್ನವ್ಯಾಪಾರಿಯಾದ ಆ ತಮ್ಮನು ಭಾರತಕ್ಕೆ ಹೊರಟು, ಕೆಂಪು ಸಮುದ್ರದ ತೀರದ ಐದಾಬ್ ರೇವಿನಿಂದ ಅಣ್ಣನಿಗೆ ಒಂದು ಕಾಗದ ಬರೆದು, ಹಡಗು ಹತ್ತಿದನು. ಹಿಂದೂ ಮಹಾಸಾಗರದಲ್ಲಿ ಮುಳುಗಿಹೋದನು. ಅಣ್ಣನು ಸುಮಾರು ಒಂದು ವರ್ಷ ಹಾಸಿಗೆ ಹಿಡಿದನು. ಆ ಕಾಗದ ಇಂದಿಗೂ ಇದೆ. ಅದು ಉಳಿದುದು ಈ ಮಂದಿರದ ಅಟ್ಟದಿಂದ.

ಆ ಅಟ್ಟದ ವಿಚಾರವನ್ನು ಈಗ ಹೇಳಬೇಕು. ಮಂದಿರದ ಮಹಡಿಯಲ್ಲಿ ಸ್ತ್ರೀಯರು ಕುಳಿತುಕೊಳ್ಳುವ ಮೊಗಸಾಲೆಯ ಕೊನೆಯಲ್ಲಿ ಒಂದು ಕೋಣೆ. ಬಾಗಿಲಿಲ್ಲ, ಕಿಟಕಿಯಿಲ್ಲ. ಗೋಡೆಯಲ್ಲಿ ಎತ್ತರದಲ್ಲಿ ಒಂದು ಕಂಡಿ. ಏಣಿ ಹಾಕಿ ಹತ್ತಿದರೆ ಮಾತ್ರ ಕೈಗೆಟಕುವುದು. ಇದಕ್ಕೆ ಗೆನೀಜಾ ಎಂದು ಹೆಸರು. ದೇವರ ನಾಮವನ್ನು ಬರೆದ ಕಾಗದವನ್ನು ಸುಡಬಾರದು, ಹರಿಯಬಾರದು, ತುಳಿಯಬಾರದು ಎಂಬುದು ಯೆಹೂದ್ಯರ ನಿಷ್ಠೆ. ಜೀರ್ಣವಾದ ಗ್ರಂಥವನ್ನು ಮೊದಲು ಇಂತಹ ಕೋಣೆಯಲ್ಲಿಟ್ಟು ಅನಂತರ ಶವದಂತೆ ಹೂಳುವುದು ರೂಢಿ. ಫುಸ್ತಾತಿನವರು ಕಾಗದವನ್ನು ಕಂಡಿಯಿಂದ ಒಳಕ್ಕೆ ಹಾಕಿದರು; ಹೂಳುವ ಕೆಲಸವನ್ನು ಮಾತ್ರ ಮಾಡಲಿಲ್ಲ. ವ್ಯಾಪಾರದ ಓಲೆಯೂ ದೇವರ ಸ್ಮರಣೆಯಿಂದಲೇ ಆರಂಭವಾಗುತ್ತಿದ್ದುದರಿಂದ, ಧರ್ಮಗ್ರಂಥದ ಜೊತೆಗೆ ಬಾಡಿಗೆ ಚೀಟಿ, ವಿವಾಹದ ಕರಾರು, ಸಾಲದ ಪತ್ರ, ಮಕ್ಕಳು ಅಕ್ಷರ ತಿದ್ದಿದ ಹಾಳೆ, ಗಂಡನ ಮೇಲೆ ಹೆಂಡತಿ ಕೊಟ್ಟ ದೂರು, ಎಲ್ಲವೂ ಅಲ್ಲಿ ಸೇರಿದವು. ಐಗುಪ್ತದಲ್ಲಿ ಮಳೆಯೆಂಬುದು ಬಹು ಅಪರೂಪ. ಆ ಒಣ ಹವೆಯಲ್ಲಿ ಅವು ಕೊಬ್ಬರಿಯಂತೆ ಕೆಡದೆ ಉಳಿದವು.

ನಮ್ಮ ಹಿರಿಯರಿಗೂ ಅಕ್ಷರದಲ್ಲಿ ಇಷ್ಟೇ ಭಕ್ತಿಯಿತ್ತು. ಶ್ರೀಕಾರವಿಲ್ಲದೆ ಚೀಟಿಯನ್ನೂ ಬರೆಯುತ್ತಿರಲಿಲ್ಲ; ಪುಸ್ತಕಕ್ಕೆ ಕಾಲು ಸೋಂಕಿದರೆ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಆದರೆ ಜೀರ್ಣವಾದ ಓಲೆಯ ಗ್ರಂಥವನ್ನು ಹೊಸ ಗರಿಗೆ ನಕಲು ಮಾಡಿಸಿ, ಹಳೆಯದನ್ನು ಹೊಳೆಯ ಪಾಲು ಮಾಡುವುದು ಇಲ್ಲಿಯ ಸಂಪ್ರದಾಯ. ಭಕ್ತಿ ಒಂದೇ, ಫಲ ಬೇರೆ. ನಕಲು ಮಾಡಿಸಲು ಯೋಗ್ಯವೆನಿಸಿದ ವೇದ, ಕಾವ್ಯ, ಶಾಸ್ತ್ರಗಳು ನಮ್ಮಲ್ಲಿ ಉಳಿದವು. ನಕಲು ಮಾಡಿಸಲು ಯಾರಿಗೂ ತೋರದಂತಹ ಅಂಗಡಿಯ ಲೆಕ್ಕ, ಮಗಳ ಕಾಗದ, ಆಳಿನ ಕೂಲಿ ಇವು ಮಣ್ಣಾಗಿಯೋ ಮೀನಿನ ಪಾಲಾಗಿಯೋ ಹೋದವು.

ಇನ್ನು ಮಂಗಳೂರಿನ ಕಥೆ. ಆ ಕಾಲದಲ್ಲಿ ಫುಸ್ತಾತಿನಿಂದ ಹೊರಟ ವರ್ತಕನು ನೈಲ್ ನದಿಯಲ್ಲಿ ಮೇಲಕ್ಕೆ ಕೂಸ್ ಪಟ್ಟಣದವರೆಗೆ ದೋಣಿಯಲ್ಲಿ ಹೋಗಿ, ಅಲ್ಲಿಂದ ಮರಳುಗಾಡನ್ನು ಒಂಟೆಯ ಮೇಲೆ ದಾಟಿ, ಐದಾಬಿನಲ್ಲಿ ಹಡಗು ಹತ್ತಿ ಏಡನ್ನಿಗೆ ಬರುತ್ತಿದ್ದನು. 1183ರಲ್ಲಿ ಐದಾಬಿನ ಮೂಲಕ ಹಾದುಹೋದ ಇಬ್ನ್ ಜುಬೈರ್ ಎಂಬ ಯಾತ್ರಿಕನು ಅಲ್ಲಿಯ ಹಡಗುಗಳಲ್ಲಿ ಒಂದು ಮೊಳೆಯೂ ಇಲ್ಲದೆ, ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದುದನ್ನು ಕಂಡು ವರ್ಣಿಸಿದ್ದಾನೆ. ಮೈಮೋನಿಡೀಸನ ತಮ್ಮನನ್ನು ಕೊಂಡೊಯ್ದ ಹಡಗೂ ಇದೇ ಬಗೆಯದಾಗಿದ್ದರೆ, ಅವನ ಪ್ರಾಣವೂ ನಾರಿನ ಹುರಿಯ ಮೇಲೆ ನಿಂತಿತ್ತು. ಏಡನ್ನಿನಿಂದ ಮುಂಗಾರಿನ ಗಾಳಿಯನ್ನು ಕಾದು ಹೊರಟರೆ ಮಂಗಳೂರು, ಮಲೆಯಾಳಗಳ ರೇವು.

ಹೀಗೆ ಬಂದವನು ಅಬ್ರಹಾಂ ಬೆನ್ ಯೀಜೂ. ಇವನ ಹುಟ್ಟೂರು ಈಗಿನ ಟ್ಯುನೀಸಿಯ ದೇಶದ ಮಹದೀಯ. ಏಡನ್ನಿನ ವರ್ತಕರ ಮುಖ್ಯಸ್ಥನಾದ ಮದ್‌ಮೂನ್ ಎಂಬುವನ ಆಶ್ರಯದಲ್ಲಿ ವ್ಯಾಪಾರ ಕಲಿತು, 1132ಕ್ಕೆ ಮುಂಚೆಯೇ ಮಂಗಳೂರಿಗೆ ಬಂದು, ನಡುನಡುವೆ ಬೇರೆ ರೇವುಗಳಿಗೆ ಹೋಗಿಬರುತ್ತಿದ್ದರೂ 1149ರವರೆಗೆ ಇಲ್ಲಿಯೇ ವ್ಯವಹಾರ ಮಾಡಿಕೊಂಡಿದ್ದನು. ಆಗ ತುಳುನಾಡಿನಲ್ಲಿ ಆಳುಪರ ಅರಸೊತ್ತಿಗೆ. ಘಟ್ಟದ ಮೇಲೆ ಹೊಯ್ಸಳ ವಿಷ್ಣುವರ್ಧನನು ಬೇಲೂರಿನಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠಿಸಿ ಹದಿನೈದು ವರ್ಷಗಳಾಗಿದ್ದವು. ಆ ಮಹಾಕಾರ್ಯಗಳ ಸುದ್ದಿಯೊಂದೂ ಬೆನ್ ಯೀಜೂವಿನ ಕಾಗದಗಳಲ್ಲಿ ದೊಡ್ಡದಾಗಿ ಕಾಣುವುದಿಲ್ಲ. ಅವನ ಚಿತ್ತವೆಲ್ಲ ಮೆಣಸು, ಏಲಕ್ಕಿ, ಅಡಕೆ, ಕಬ್ಬಿಣ ಇವುಗಳ ಮೇಲೆ.

ಈ ಕಾಗದಗಳ ಭಾಷೆ ಅರಬ್ಬೀ, ಲಿಪಿ ಹೀಬ್ರೂ. ಸಂಸ್ಕೃತವನ್ನು ಕನ್ನಡ ಲಿಪಿಯಲ್ಲಿ ಬರೆದು ಓದಿದವರಿಗೆ ಇದು ವಿಚಿತ್ರವೆನಿಸಲಾರದು. ಅವುಗಳಿಂದ ತಿಳಿಯುವ ಸಂಗತಿಗಳು ಬಹು ಸೂಕ್ಷ್ಮವಾದವು. ಬೆನ್ ಯೀಜೂವು ಇಲ್ಲಿ ಒಂದು ಕಂಚಿನ ಕಾರ್ಖಾನೆಯನ್ನು ಇಟ್ಟಿದ್ದನು. ಏಡನ್ನಿನ ಸ್ನೇಹಿತರು ತಾಮ್ರವನ್ನೂ ಒಡೆದ ಹಳೆಯ ಪಾತ್ರೆಗಳನ್ನೂ ಕಳುಹಿಸಿ, ಇಂತಹ ತೂಕದ ಗಿಂಡಿ, ಇಂತಹ ಆಕಾರದ ದೀಪ ಎಂದು ಬರೆದು ಮಾಡಿಸಿಕೊಳ್ಳುತ್ತಿದ್ದರು. ಏಡನ್ನಿನಂತಹ ದೊಡ್ಡ ರೇವಿನವರು ತಮ್ಮ ಒಡಕು ಪಾತ್ರೆಗಳನ್ನು ಸಮುದ್ರ ದಾಟಿಸಿ ಮಂಗಳೂರಿನ ಕಂಚುಗಾರರ ಕೈಗೆ ಕೊಡುತ್ತಿದ್ದರೆಂದರೆ ಆ ಕೈಗಳ ಕುಶಲತೆ ಎಷ್ಟಿದ್ದಿರಬೇಕು! ಪ್ರತಿಯಾಗಿ ಅಲ್ಲಿಂದ ಸಕ್ಕರೆ, ಒಣದ್ರಾಕ್ಷಿ, ಸಾಬೂನು ಬರುತ್ತಿದ್ದವು. ಎಲ್ಲಕ್ಕಿಂತ ಮುಖ್ಯವಾಗಿ ಕಾಗದ. ಇಲ್ಲಿ ಜನ ಬರೆಯುತ್ತಿದ್ದುದು ತಾಳೆಯ ಗರಿಯ ಮೇಲೆ, ಕಾಗದ ಸಿಕ್ಕುತ್ತಿರಲಿಲ್ಲ. ಆದುದರಿಂದ ಬೆನ್ ಯೀಜೂವು ತನಗೆ ಬಂದ ಕಾಗದಗಳ ಅಂಚಿನಲ್ಲಿಯೂ ಬೆನ್ನಿನಲ್ಲಿಯೂ ತನ್ನ ಲೆಕ್ಕಗಳನ್ನೂ, ಕವಿತ್ವದ ಹವ್ಯಾಸವಿದ್ದುದರಿಂದ ಪದ್ಯಗಳ ಕರಡನ್ನೂ ಬರೆದಿಡುತ್ತಿದ್ದನು. ಆ ಮಿತವ್ಯಯದಿಂದ ಚರಿತ್ರೆಗೆ ಒಂದು ಹಾಳೆಯಲ್ಲಿ ಎರಡು ಹಾಳೆಯ ಲಾಭವಾಯಿತು. ಅವನಿಂದ ಮುಂಗಡ ಹಣ ತೆಗೆದುಕೊಂಡು ಏಲಕ್ಕಿಯನ್ನು ಕೊಡದೆ ದಿನ ತಳ್ಳಿದ ಒಬ್ಬ ಮಧ್ಯವರ್ತಿಯ ವಿಷಯ ಕಾಗದದಿಂದ ಕಾಗದಕ್ಕೆ ಬರುತ್ತದೆ. ಎಂಟುನೂರು ವರ್ಷವಾದರೂ ಆ ಸಾಲಕ್ಕೆ ವಾಯಿದೆ ಮುಗಿದಂತಿಲ್ಲ.

ಇದಕ್ಕಿಂತಲೂ ಕನ್ನಡಿಗರ ಮನಸ್ಸನ್ನು ಸೆಳೆಯುವುವು ಅಲ್ಲಿಯ ಹೆಸರುಗಳು. ಹಡಗಿನ ಒಡೆಯನೊಬ್ಬನನ್ನು ‘ಫತನ್ ಸ್ವಾಮಿ’ ಎಂದು ಬರೆದಿದ್ದಾರೆ. ಅರಬ್ಬಿಯಲ್ಲಿ ಪಕಾರವಿಲ್ಲ, ಅದನ್ನು ಸರಿಪಡಿಸಿ ಓದಿದರೆ ನಮ್ಮ ಶಾಸನಗಳ ‘ಪಟ್ಟಣಸ್ವಾಮಿ’ಯೇ ಎದುರು ನಿಲ್ಲುತ್ತಾನೆ. ವರ್ತಕ ಸಮೂಹದ ಯಜಮಾನನಿಗೆ ಇದ್ದ ಈ ಬಿರುದು ಹುಂಚದ 1062ರ ನೊಕ್ಕಯ್ಯನಿಂದ ಮೊದಲ್ಗೊಂಡು ಅನೇಕರಿಗೆ ಶಾಸನಗಳಲ್ಲಿ ಕಂಡುಬರುತ್ತದೆ. ಮದ್‌ಮೂನನು ಒಂದು ಓಲೆಯಲ್ಲಿ ಮಂಗಳೂರಿನ ಮೂವರು ವರ್ತಕರಿಗೆ ತನ್ನ ವಂದನೆಗಳನ್ನು ಮುಟ್ಟಿಸಲು ಹೇಳಿ, ತಾವೆಲ್ಲ ಪಾಲುಗಾರರಾಗಿ ಹಡಗಿನ ವ್ಯಾಪಾರ ಮಾಡೋಣವೆಂದು ಸೂಚಿಸುತ್ತಾನೆ. ಅವರಲ್ಲಿ ಒಬ್ಬನ ಹೆಸರು ‘ಸೂಸ್ ಸೀತಿ’. ಸೀತಿಯೆಂದರೆ ಶೆಟ್ಟಿಯೆಂದು ಪಂಡಿತರ ಊಹೆ. ಮತ್ತೊಬ್ಬನು ಇಸ್‌ಹಾಕನೆಂಬ ಬನಿಯ. ಯೆಹೂದ್ಯ, ಶೆಟ್ಟಿ, ಬನಿಯ ಎಲ್ಲರೂ ಒಂದು ಹಡಗಿನ ಲಾಭನಷ್ಟಕ್ಕೆ ಕೂಡುವಾಗ ಮತದ ಪ್ರಶ್ನೆ ಎದ್ದಂತೆ ಆ ಓಲೆಯಲ್ಲಿ ಕಾಣುವುದಿಲ್ಲ.

1132ರ ಅಕ್ಟೋಬರ್ 17ರಂದು ಬೆನ್ ಯೀಜೂವು ಮಂಗಳೂರಿನಲ್ಲಿ ಒಂದು ಪತ್ರವನ್ನು ಬರೆದನು. ಅಶು ಎಂಬ ದಾಸಿಯನ್ನು ದಾಸ್ಯದಿಂದ ಬಿಡುಗಡೆ ಮಾಡಿದೆನೆಂಬುದು ಅದರ ತಾತ್ಪರ್ಯ. ಅವಳಿಗೆ ಬೆರಾಖಾ ಎಂಬ ಹೀಬ್ರೂ ಹೆಸರನ್ನಿಟ್ಟನು. ಆಶೀರ್ವಾದವೆಂದು ಅದರ ಅರ್ಥ. ಅವಳನ್ನೇ ಅವನು ವಿವಾಹವಾದನೆಂದು ವಿದ್ವಾಂಸರು ಬಹುಮಟ್ಟಿಗೆ ಒಪ್ಪಿದ್ದಾರೆ. ಅವನ ಲೆಕ್ಕದ ಚೀಟಿಯಲ್ಲಿ ಬರುವ ‘ನಾಯರ್’ ಎಂಬ ಬಂಧುವಿನ ಉಲ್ಲೇಖದಿಂದ ಅವಳು ನಾಯರ್ ಕುಲದವಳೆಂದು ಕೆಲವರು ತರ್ಕಿಸುವರು. ಅವಳಿಂದ ಅವನಿಗೆ ಮಕ್ಕಳಾದರು. ಏಡನ್ನಿನ ಗೆಳೆಯರು ತಮ್ಮ ಓಲೆಗಳಲ್ಲಿ ಮಕ್ಕಳಿಗೆ ಹರಸುತ್ತಾರೆ, ಉಡುಗೊರೆ ಕಳುಹಿಸುತ್ತಾರೆ. ಆದರೆ ಅಶುವಿನ ಹೆಸರನ್ನು ಎಲ್ಲಿಯೂ ಎತ್ತುವುದಿಲ್ಲ. ಪರರ ಮನೆಯ ಹೆಂಗಸಿನ ಹೆಸರನ್ನು ಎತ್ತಬಾರದೆಂಬ ಮರ್ಯಾದೆಯೋ, ದಾಸಿಯಾಗಿದ್ದವಳೆಂಬ ಅವಜ್ಞೆಯೋ, ಎರಡೂ ಇರಬಹುದು. ಆ ಬಿಡುಗಡೆಯ ಪತ್ರವೊಂದು ಉಳಿಯದಿದ್ದರೆ ಅವಳು ಇದ್ದಳೆಂಬುದೇ ಯಾರಿಗೂ ತಿಳಿಯುತ್ತಿರಲಿಲ್ಲ.

ಅವಳಿಗಿಂತ ಸ್ವಲ್ಪ ಹೆಚ್ಚು ಭಾಗ್ಯವಂತನು ಅದೇ ಮನೆಯ ಒಬ್ಬ ದಾಸನು. ದಾಸನೆಂದರೆ ಕಸ ಬಳಿಯುವವನಲ್ಲ. ಯಜಮಾನನ ಸರಕನ್ನು ಹಡಗಿನಲ್ಲಿ ತೆಗೆದುಕೊಂಡು ಏಡನ್ನಿಗೆ ಹೋಗಿ, ಮಾರಿ, ಕೊಂಡು, ಲೆಕ್ಕ ಒಪ್ಪಿಸುವ ಗುಮಾಸ್ತನಂತಹವನು. 1135ರ ಸುಮಾರಿನಲ್ಲಿ ಅವನು ಏಡನ್ನಿಗೆ ಹೋಗಿದ್ದಾಗ ಮದ್ಯಪಾನ ಮಾಡಿ ಬಂದು ಹಣಕ್ಕಾಗಿ ಕಾಡಿದನೆಂದು ಮದ್‌ಮೂನನು ಯಜಮಾನನಿಗೆ ಬರೆದ ದೂರು ಉಳಿದಿದೆ. ಪಾಪ, ಸಮುದ್ರ ದಾಟಿ ಹೋದ ಮನುಷ್ಯನು ಒಂದು ದಿನ ಕುಡಿದುದು ಇಂದಿಗೂ ಸಾಕ್ಷಿ ಸಹಿತ ಇದೆ! ಆದರೆ ಕಾಲಕ್ರಮದಲ್ಲಿ ಅವನ ಯೋಗ್ಯತೆ ಬೆಳೆಯಿತು. ಅದೇ ಏಡನ್ನಿನ ಖಲಫ್ ಇಬ್ನ್ ಇಸ್‌ಹಾಕ್ ಎಂಬ ಶ್ರೀಮಂತ ವರ್ತಕನು 1148ರಲ್ಲಿ ಬರೆದ ಓಲೆಯ ಕೊನೆಯಲ್ಲಿ ಅವನಿಗೆ ಪ್ರತ್ಯೇಕವಾಗಿ ವಂದನೆಯನ್ನು ಕಳುಹಿಸಿದ್ದಾನೆ. ಓಲೆಗಳಲ್ಲಿ ಅವನನ್ನು ಸೋದರನೆಂದು ಕರೆದಿರುವುದೂ ಉಂಟು.

ಆ ದಾಸನ ಹೆಸರು ಮೂರೇ ಹೀಬ್ರೂ ಅಕ್ಷರಗಳಲ್ಲಿದೆ: ಬ, ಮ, ಹ. ಸ್ವರಚಿಹ್ನೆಗಳಿಲ್ಲದ ಆ ಲಿಪಿಯಲ್ಲಿ ಅದನ್ನು ಹೇಗೆ ಓದಬೇಕೆಂಬುದು ಬಹುಕಾಲ ಇತ್ಯರ್ಥವಾಗಿರಲಿಲ್ಲ. ಅದರ ಕಥೆ ಮುಂದೆ ಬರುತ್ತದೆ.

1148ರಲ್ಲಿ ಸಿಸಿಲಿಯ ಅರಸ ಎರಡನೆಯ ರೋಜರನು ಮಹದೀಯವನ್ನು ಹಿಡಿದನು. ಬೆನ್ ಯೀಜೂವಿನ ಸೋದರರು ಸರ್ವಸ್ವವನ್ನೂ ಕಳೆದುಕೊಂಡು ಸಿಸಿಲಿಗೆ ಹೋಗಿ ಸೇರಿದರು. ಈ ಸುದ್ದಿಯನ್ನು ಕೇಳಿ ಅವನು 1149ರಲ್ಲಿ ಮಕ್ಕಳೊಡನೆ ಏಡನ್ನಿಗೆ ಬಂದು, ಅದೇ ವರ್ಷ ಸೆಪ್ಟೆಂಬರಿನಲ್ಲಿ ಒಂದು ಓಲೆಯನ್ನು ಬರೆದನು. ತಾನು ಸಂಪಾದಿಸಿದುದು ತನ್ನವರಿಗೂ ಸಾಕಾಗುವಷ್ಟಿದೆ, ಸೋದರರಲ್ಲಿ ಯಾರಾದರೂ ಬರಬೇಕು, ಮಗಳನ್ನು ಸೋದರನ ಮಗನಿಗೇ ಕೊಡುವೆನು ಎಂಬುದು ಅದರ ಸಾರಾಂಶ. ಮುಂದಿನ ವರ್ಷಗಳಲ್ಲಿ ಅವನ ಮಗನು ತೀರಿಕೊಂಡನು. ಉಳಿದವಳು ಮಗಳು ಸಿತ್ತ್ ಅದ್ದಾರ್. ಅವಳನ್ನು ಏಡನ್ನಿನ ಒಬ್ಬ ಗಣ್ಯನ ಮನೆಯಲ್ಲಿ ಮೂರು ವರ್ಷ ಬಿಟ್ಟಿದ್ದನು. ಆ ಗೃಹಸ್ಥನು ತನ್ನ ಮಗನಿಗೆ ಅವಳನ್ನು ಕೇಳಿದಾಗ, ಸೋದರನ ಮಗನಿಗೆ ಹಕ್ಕು ಹೆಚ್ಚು ಎಂದು ನಿರಾಕರಿಸಿದನು. ಕಡೆಗೆ ಫುಸ್ತಾತಿಗೆ ಬಂದು ನೆಲಸಿದನು. 1156ರಲ್ಲಿ ಆ ಊರಿನಲ್ಲಿ ಸಿಸಿಲಿಯಿಂದ ಬಂದ ಪೆರಹ್ಯಾ ಎಂಬ ಸೋದರಪುತ್ರನೊಡನೆ ಅವಳ ವಿವಾಹವಾಯಿತು. ಅವಳಿಗೆ ಕೊಟ್ಟ ಬಟ್ಟೆಬರೆ ಒಡವೆಗಳ ಪಟ್ಟಿ ಉಳಿದಿದೆ. ಮಂಗಳೂರಿನಲ್ಲಿ ಹುಟ್ಟಿದ ಆ ಹುಡುಗಿಯ ತಾಯಿಯ ಮಾತು ಆ ಪಟ್ಟಿಯಲ್ಲಿಲ್ಲ. ಅಶುವು ಗಂಡನೊಡನೆ ಹಡಗು ಹತ್ತಿದಳೆನ್ನಲು ಒಂದು ಗೆರೆಯ ಆಧಾರವೂ ಇಲ್ಲ.

ಮಂಗಳೂರಿನಿಂದ ಬೆನ್ ಯೀಜೂವು ಹೊತ್ತುತಂದ ಕಾಗದದ ಕಟ್ಟು ಕಾಲಾಂತರದಲ್ಲಿ ಮಂದಿರದ ಮಹಡಿಯ ಕಂಡಿಯನ್ನು ಸೇರಿತು. ಅದರ ಮೇಲೆ ಏಳು ಶತಮಾನಗಳ ಕಾಗದ ಬಿದ್ದಿತು.

ಈ ಮಧ್ಯೆ ಅಟ್ಟಕ್ಕೂ ಒಂದು ಪುರಾಣ ಬೆಳೆದಿತ್ತು. ಕಂಡಿಯ ಬಳಿ ಘೋರಸರ್ಪವೊಂದು ಕಾವಲಿದೆ, ಕೈಯಿಟ್ಟವನು ಬದುಕುವುದಿಲ್ಲ ಎಂದು. ನಮ್ಮಲ್ಲಿ ಸರ್ಪವು ಹೊನ್ನಿನ ಕೊಪ್ಪರಿಗೆಯನ್ನು ಕಾಯುತ್ತದೆ. ಅಲ್ಲಿ ಹಳೆಯ ಕಾಗದವನ್ನು ಕಾಯ್ದಿತು. ಯಾವ ಸರ್ಪ ಹೆಚ್ಚು ಬುದ್ಧಿವಂತಿಕೆಯದೆಂದು ವಾಚಕರೇ ನಿರ್ಣಯಿಸಬಹುದು. 1864ರಲ್ಲಿ ಯೆರೂಸಲೇಮಿನಿಂದ ಬಂದ ಯಾಕೋಬ್ ಸಾಫಿರ್ ಎಂಬ ಪಂಡಿತನನ್ನು ಕಾವಲಿನವರು ಹೀಗೆಯೇ ಹೆದರಿಸಿದರು. ಅವನು ಹೆದರದೆ ಒಳಗಿಳಿದು ಧೂಳಿನಲ್ಲಿ ಎರಡು ದಿನ ಹುಡುಕಿ, ಕೆಲವು ಹಾಳೆಗಳೊಡನೆ ಹಿಂದಿರುಗಿದನು. ಸರ್ಪ ಕಾಣಿಸಿಕೊಳ್ಳಲಿಲ್ಲ.

1889ರಿಂದ 1892ರವರೆಗೆ ಹಳೆಯ ಕಟ್ಟಡವನ್ನು ಕೆಡವಿ ಹೊಸದಾಗಿ ಕಟ್ಟಿದರು. ಆಗ ಅಟ್ಟದ ಕಾಗದಗಳನ್ನು ಬಯಲಿನಲ್ಲಿ ಹಾಕಿದ್ದರಿಂದ ಅನೇಕ ಹಾಳೆಗಳು ವ್ಯಾಪಾರಿಗಳ ಕೈಸೇರಿ, ಆಕ್ಸ್‌ಫರ್ಡು, ಪೀಟರ್ಸ್‌ಬರ್ಗು ಮೊದಲಾದ ಕಡೆಗಳಿಗೆ ಹೋದವು. ಅಶುವಿನ ಬಿಡುಗಡೆಯ ಪತ್ರವು ರಷ್ಯಾ ದೇಶದ ಸಂಗ್ರಹವನ್ನು ಸೇರಿದೆ. 1896ರಲ್ಲಿ ಆಗ್ನೆಸ್ ಲೂಯಿಸ್, ಮಾರ್ಗರೆಟ್ ಗಿಬ್ಸನ್ ಎಂಬ ಅವಳಿ ಸೋದರಿಯರು ತಾವು ಕೊಂಡುತಂದ ಹಾಳೆಗಳನ್ನು ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಸಾಲೊಮನ್ ಶೆಕ್ಟರನಿಗೆ ತೋರಿಸಿದರು. ಹೀಬ್ರೂ ಮೂಲ ಕಳೆದುಹೋಯಿತೆಂದು ತಿಳಿದಿದ್ದ ಬೆನ್ ಸಿರಾ ಎಂಬ ನೀತಿಗ್ರಂಥದ ಒಂದು ಹಾಳೆಯನ್ನು ಅವನು ಅದರಲ್ಲಿ ಗುರುತಿಸಿದನು. ಅದೇ ವರ್ಷದ ಡಿಸೆಂಬರಿನಲ್ಲಿ ಕೈರೋ ನಗರಕ್ಕೆ ಹೋಗಿ, ಅಲ್ಲಿಯ ಮುಖ್ಯಗುರುವಿನ ಅನುಮತಿಯನ್ನು ಪಡೆದು, ವಾರಗಟ್ಟಲೆ ಅಟ್ಟದ ಧೂಳನ್ನು ಕುಡಿದು, 1,93,000ದಷ್ಟು ಹಾಳೆಗಳನ್ನೂ ತುಣುಕುಗಳನ್ನೂ ಕೇಂಬ್ರಿಜ್ಜಿಗೆ ಸಾಗಿಸಿದನು. ಬೇರೆಡೆ ಚದರಿದವುಗಳನ್ನು ಸೇರಿಸಿದರೆ ಒಟ್ಟು ಮೂರು ಲಕ್ಷಕ್ಕೂ ಮೀರುತ್ತದೆ. ವಿದ್ಯೆಗೆ ಇದರಿಂದ ಮಹೋಪಕಾರವಾಯಿತೆಂಬುದರಲ್ಲಿ ಸಂಶಯವಿಲ್ಲ. ಆದರೆ ಐಗುಪ್ತದ ಯೆಹೂದ್ಯರ ಪೂರ್ವಿಕರ ಸಮಸ್ತ ಲೇಖ್ಯವೂ ಐಗುಪ್ತವನ್ನು ಬಿಟ್ಟುಹೋಯಿತೆಂಬುದೂ ಅಷ್ಟೇ ಸತ್ಯ.

ಆರಂಭದ ಪಂಡಿತರು ಧರ್ಮಗ್ರಂಥಗಳನ್ನು ಮಾತ್ರ ಆದರಿಸಿ, ವ್ಯಾಪಾರದ ಓಲೆಗಳನ್ನು ಕಸವೆಂದು ಬದಿಗಿಟ್ಟಿದ್ದರು. ಖಲಫನ 1148ರ ಓಲೆಯು 1942ರಲ್ಲಿ ಯೆರೂಸಲೇಮಿನ ‘ಸಿಯೋನ್’ ಎಂಬ ಪತ್ರಿಕೆಯಲ್ಲಿ ಅಚ್ಚಾಯಿತು. ಅನಂತರ ಗೊಯಿಟೈನ್ ಎಂಬ ಮಹಾವಿದ್ವಾಂಸನು ಭಾರತದ ವ್ಯಾಪಾರಕ್ಕೆ ಸಂಬಂಧಿಸಿದ ಓಲೆಗಳನ್ನು ದೇಶದೇಶದ ಪುಸ್ತಕಭಂಡಾರ��ಳಿಂದ ಹೆಕ್ಕಿ ಜೋಡಿಸುವುದರಲ್ಲಿ ದಶಕಗಳನ್ನು ಕಳೆದು 1985ರಲ್ಲಿ ನಿಧನನಾದನು. ಅವನ ಶಿಷ್ಯನಾದ ಫ್ರೀಡ್‌ಮನ್ ಆ ಕೆಲಸವನ್ನು ಮುಂದುವರಿಸಿ 2008ರಲ್ಲಿ ಆಂಗ್ಲ ಭಾಷೆಯಲ್ಲಿ ದೊಡ್ಡ ಸಂಪುಟವನ್ನು ಹೊರತಂದನು.

ದಾಸನ ಹೆಸರಿನ ಗಂಟನ್ನು ಬಿಡಿಸಿದ ಕೀರ್ತಿಯಲ್ಲಿ ಕನ್ನಡನಾಡಿಗೂ ಪಾಲುಂಟು. ಅಮಿತಾವ್ ಘೋಷರು ಈ ದಾಸನ ಜಾಡನ್ನೇ ಹಿಡಿದು ಐಗುಪ್ತದ ಹಳ್ಳಿಯಲ್ಲಿ ವಾಸಮಾಡಿ, ಹೀಬ್ರೂ ಲಿಪಿಯ ಅರಬ್ಬಿಯನ್ನು ಕಲಿತು, ಕೊನೆಗೆ ಮಂಗಳೂರಿಗೆ ಬಂದರು. ಅಲ್ಲಿ ವಿದ್ವಾಂಸರಾದ ಬಿ. ಎ. ವಿವೇಕ ರೈ ಅವರೊಡನೆ ಚರ್ಚಿಸಿದಾಗ, ಬ-ಮ-ಹ ಎಂಬುದು ತುಳುನಾಡಿನಲ್ಲಿ ಬಳಕೆಯಲ್ಲಿದ್ದ ‘ಬೊಮ್ಮ’ ಎಂಬ ಹೆಸರಾಗಿರಬೇಕೆಂಬ ದಾರಿ ಕಂಡಿತು. 1992ರಲ್ಲಿ ಪ್ರಕಟವಾದ ‘ಇನ್ ಆ್ಯನ್ ಆಂಟಿಕ್ ಲ್ಯಾಂಡ್’ ಎಂಬ ಅವರ ಪುಸ್ತಕದಲ್ಲಿ ಈ ವೃತ್ತಾಂತವಿದೆ. ಬ್ರಹ್ಮ ಶಬ್ದದ ತದ್ಭವ ಬೊಮ್ಮನೆಂಬುದನ್ನು ಹಳಗನ್ನಡದ ವ್ಯಾಕರಣವನ್ನು ಓದಿದ ಬಾಲಕರೂ ಬಲ್ಲರು. ಶಾಸನಗಳಲ್ಲಿ ಬೊಮ್ಮ, ಬೊಮ್ಮಯ್ಯ, ಬೊಮ್ಮರಸರು ಬೇಕಾದಷ್ಟು. ‘ಬಾಮ’ ಎಂದು ಓದುವವರೂ ಇದ್ದಾರೆ; ಆದರೆ ಮಂಗಳೂರಿನ ಮನೆಯೊಂದರಲ್ಲಿ ಬಾಮನಿಗಿಂತ ಬೊಮ್ಮನಿರುವುದು ಹೆಚ್ಚು ಸಹಜವಾಗಿ ತೋರುತ್ತದೆ.

ಬೆನ್ ಯೀಜೂವು ಮಂಗಳೂರನ್ನು ಬಿಟ್ಟ ಮರುವರ್ಷದ ಸುಮಾರಿಗೆ, ತುಮಕೂರಿನ ಬಳಿಯ ಕೈದಾಳದಲ್ಲಿ ಚೆನ್ನಕೇಶವನ ಗುಡಿ ಏಳುತ್ತಿತ್ತು. ಅದನ್ನು ನೋಡಲು ಹೋದವರು ಜಕಣಾಚಾರಿಯ ಕಥೆಯನ್ನು ಕೇಳದೆ ಬರುವುದಿಲ್ಲ: ಬೇಲೂರಿನ ವಿಗ್ರಹದ ಹೊಟ್ಟೆಯ ಕಪ್ಪೆ, ಪಂತದಲ್ಲಿ ಸೋತು ಕತ್ತರಿಸಿಕೊಂಡ ಕೈ, ಕೇಶವನ ಗುಡಿ ಕಟ್ಟಿ ಮರಳಿ ಪಡೆದ ಕೈ. ಶಾಸನದಲ್ಲಿ ಇರುವುದು ಗುಡಿಯನ್ನು ಕಟ್ಟಿಸಿದ ಸಾಮಂತ ಬಾಚಿಯ ಹೆಸರು. ಕಥೆಗೆ ಜಕಣ ಬೇಕು, ಕಲ್ಲಿಗೆ ಬಾಚಿ ಬೇಕು. ಗುಡಿಗೆ ಕಲ್ಲು ಹೊತ್ತ ಬೊಮ್ಮಂದಿರು ಎಷ್ಟು ದಿನ ದುಡಿದರು, ಎಷ್ಟು ಕೂಲಿ ಪಡೆದರು, ಯಾವ ದಿನ ಕುಡಿದು ಬಂದರು ಎಂಬುದನ್ನು ಯಾವನಾದರೂ ಸೇನಬೋವನು ಗರಿಯ ಮೇಲೆ ಬರೆದಿದ್ದರೂ ಬರೆದಿರಬಹುದು. ಆ ಗರಿಗೆ ಕಂಡಿಯಿದ್ದ ಕೋಣೆ ದೊರೆಯಲಿಲ್ಲ.

ಫುಸ್ತಾತಿನ ಮಂದಿರದಲ್ಲಿ ಈಗ ಪ್ರಾರ್ಥಿಸಲು ಜನರಿಲ್ಲ. ಇಪ್ಪತ್ತನೆಯ ಶತಮಾನದ ಮಧ್ಯಭಾಗದಿಂದೀಚೆಗೆ ಐಗುಪ್ತದ ಯೆಹೂದ್ಯರು ದೇಶವನ್ನು ಬಿಟ್ಟುಹೋಗಿ, ಉಳಿದವರು ಬೆರಳೆಣಿಕೆಯಷ್ಟು. ಐಗುಪ್ತ ಸರ್ಕಾರವು ಕಟ್ಟಡವನ್ನು ಜೀರ್ಣೋದ್ಧಾರ ಮಾಡಿಸಿ 2023ರಲ್ಲಿ ತೆರೆಯಿತು. ಯಾತ್ರಿಕರಿಗೆ ಮೋಶೆಯ ಬಾವಿಯನ್ನು ತೋರಿಸುತ್ತಾರೆ, ಎಜ್ರನ ಕಥೆಯನ್ನು ಹೇಳುತ್ತಾರೆ. ಮಹಡಿಯ ಕೋಣೆ ಬರಿದಾಗಿದೆ. ಕೆಂಕೆರೆಯ ಅಟ್ಟಗಳಲ್ಲಿ ಈ ಸಲದ ಕಾಯಿ ಇನ್ನೂ ಒಣಗುತ್ತಿದೆ. ಮೂಲೆಯ ಗಂಟುಗಳಲ್ಲಿ ಕೆಲವನ್ನು ಇನ್ನೂ ಯಾರೂ ಬಿಚ್ಚಿಲ್ಲ.